ರೊಟ್ಟಿ ಕಸಿಲ್ದಾ ಆಡದೆ ಬಿಟ್ಟ ಮಾತು

ಸೆಯ್ಬೊ ಮರದ ಬೀದಿಯಲ್ಲಿ ಯಾವ ಮನೆಯಲ್ಲಿ ಎಷ್ಟು ಹೊಟ್ಟೆಗಳಿವೆ ಎಂಬುದು ಪಾದ್ರಿಗೆ ಗೊತ್ತಿರಲಿಲ್ಲ, ಸರ್ಕಾರಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ರೊಟ್ಟಿ ಕಸಿಲ್ದಾಗೆ. ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳವನ್ನು ತೊಳೆದು, ಕಲ್ಲಿನ ಮೇಲೆ ಅರೆದು, ಅಂಗೈಯಲ್ಲಿ ತಟ್ಟಿ ಮಣ್ಣಿನ ಹೆಂಚಿಗೆ ಹಾಕುವವಳು ಅವಳು. ಬಿಸಿ ಆರುವ ಮುಂಚೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಆರಿದ ರೊಟ್ಟಿಯನ್ನು ನಮ್ಮವರು ಮುಟ್ಟುವುದಿಲ್ಲ. ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಕೊಳ್ಳುತ್ತಾರೆ. ಹೀಗಾಗಿ ಯಾರ ಮನೆಗೆ ನೆಂಟರು ಬಂದರು, ಯಾರ ಗಂಡ ಮುನಿಸಿಕೊಂಡು ತಾಯಿಯ ಮನೆ ಸೇರಿದ, ಎಲ್ಲವನ್ನೂ ಅವಳ ಬುಟ್ಟಿಯೇ ಹೇಳುತ್ತಿತ್ತು. ಅವಳು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಬಾಯಿ ಬಲು ಜೋರು, ಜಗಳಕ್ಕೆ ನಿಂತರೆ ಇಡೀ ಸಂತೆ ಬಾಯಿ ಮುಚ್ಚಬೇಕು. ಆದರೆ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಅವಳಿಂದ ಹೋದದ್ದಿಲ್ಲ.

ಅವಳಿಗಿದ್ದವನು ಒಬ್ಬನೇ ಮಗ, ಫಾನೊರ್. ಗಂಡ ಹತ್ತಿ ಬಿಡಿಸಲು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದುಬಿಟ್ಟ. "ಹೋಗಿದ್ದು ಒಳ್ಳೇದಾಯ್ತು, ದಿನಕ್ಕೆ ಎಂಟು ರೊಟ್ಟಿ ಉಳೀತು" ಎಂದು ಕಸಿಲ್ದಾ ನಗುತ್ತಿದ್ದಳು. ಪಕ್ಕದ ಮನೆಯ ಅಂಪಾರೊ ಬಟ್ಟೆ ಹೊಲಿಯುವವಳು, ಗಂಡ ಸತ್ತವಳು. ಅವಳ ಮಗ ಎರ್ವಿನ್‌ನ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದು ಜ್ಞಾನತಾಯಿಯಾದವಳು ಕಸಿಲ್ದಾ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಕೊಮಾದ್ರೆ ಎಂದು. ನಮ್ಮಲ್ಲಿ ಆ ಸಂಬಂಧ ಒಡಹುಟ್ಟಿದವರಿಗಿಂತ ಒಂದು ಕೈ ಮೇಲೆ. ಅಕ್ಕತಂಗಿಯರು ಜಗಳವಾಡಬಹುದು, ಕೊಮಾದ್ರೆಗಳು ಆಡಬಾರದು. ಹುಡುಗರಿಬ್ಬರೂ ಒಂದೇ ಹೆಂಚಿನ ರೊಟ್ಟಿ ತಿಂದು ಬೆಳೆದರು.

ಹುಡುಗರಿಗೆ ಮೀಸೆ ಚಿಗುರುವ ಹೊತ್ತಿಗೆ ನಿಕರಾಗುವಾದ ಉತ್ತರದ ಬೆಟ್ಟಗಳಲ್ಲಿ ಯುದ್ಧ ಹತ್ತಿಕೊಂಡಿತ್ತು. ಹಳೆಯ ಸರ್ವಾಧಿಕಾರಿಯನ್ನು ಓಡಿಸಿ ಬಂದ ಹೊಸ ಸರ್ಕಾರದ ಮೇಲೆ ಗಡಿಯಾಚೆಯಿಂದ ಬಂದೂಕು ಹಿಡಿದು ಬರುವವರು ಹೆಚ್ಚಾದರು. ಅವರನ್ನು ತಡೆಯಲು ಕಾನೂನು ಬಂತು: ವಯಸ್ಸಿಗೆ ಬಂದ ಗಂಡುಮಕ್ಕಳೆಲ್ಲ ಎರಡು ವರ್ಷ ಸೈನ್ಯದಲ್ಲಿ ದುಡಿಯಬೇಕು. ಸಿನಿಮಾ ಮಂದಿರದ ಬಾಗಿಲಲ್ಲಿ, ಬಸ್ಸಿನಲ್ಲಿ, ಬೇಸ್‌ಬಾಲ್ ಆಡುವ ಬಯಲಲ್ಲಿ ಹಿಡಿದು ಲಾರಿಗೆ ಹತ್ತಿಸತೊಡಗಿದರು. ತಾಯಂದಿರು ಮಕ್ಕಳನ್ನು ಪಕ್ಕದ ಕೋಸ್ತಾರಿಕಾ ದೇಶಕ್ಕೆ ಕಳಿಸಿದರು, ಕಳಿಸಲು ಆಗದವರು ಅಡಗಿಸಿದರು.

ಅಂಪಾರೊಳ ಮನೆಯ ಸೂರಿನ ಕೆಳಗೆ, ಬಟ್ಟೆಯ ಮೂಟೆಗಳ ಹಿಂದೆ, ಒಂದು ಅಟ್ಟವಿತ್ತು. ಒಂದು ಸಂಜೆ ಅವಳು ಕಸಿಲ್ದಾಳ ಒಲೆಯ ಮುಂದೆ ಬಂದು ಕೂತಳು.

"ಕೊಮಾದ್ರೆ, ಇಬ್ಬರು ಮಲಗೋವಷ್ಟು ಜಾಗ ಐತೆ ಕಣೆ. ನಿನ್ನ ಹುಡುಗನ್ನೂ ಕಳ್ಸು. ಒಂದೇ ತಟ್ಟೇಲಿ ಉಂಡೋರು, ಒಂದೇ ಅಟ್ಟದಲ್ಲಿ ಬಿದ್ಕೊಂಡಿರ್ತಾರೆ."

ಕಸಿಲ್ದಾಗೆ ಅದೇ ಬೇಕಾಗಿತ್ತು. ಆದರೆ ಫಾನೊರ್ ನಕ್ಕುಬಿಟ್ಟ.

"ಎರಡು ವರ್ಷ ಎರ್ವಿನ್ ಜೊತೆಗಾ? ಅವನ ಕಾಲಿನ ವಾಸ್ನೆಗೆ ಮೊದಲನೇ ವಾರಾನೇ ಸತ್ತೋಗ್ತೀನಮ್ಮ. ಅದಕ್ಕಿಂತ ಗುಂಡೇಟು ವಾಸಿ."

"ಹಲ್ಲು ಉದುರಿಸ್ತೀನಿ ನೋಡು! ಸಾಯೋ ಮಾತು ಆಡಬೇಡ ಅಂದಿದ್ದೀನಿ."

"ಸರಿ, ನಾನು ಅಡಗಿಕೊಂಡೆ ಅಂತಿಟ್ಕೋ. ಲಾರಿ ಖಾಲಿ ಹೋಗುತ್ತಾ? ನನ್ನ ಜಾಗಕ್ಕೆ ಆ ಕೊನೇ ಮನೆ ಹುಡುಗನ್ನ ಹತ್ತಿಸ್ತಾರೆ. ಅವನಿಗೂ ಅಮ್ಮ ಇದ್ದಾಳೆ."

"ಇದ್ರೆ ಇರಲಿ. ಅವಳ ಮಗನ್ನ ಅವಳು ನೋಡ್ಕೋತಾಳೆ."

"ಹಂಗಂತ ಎಲ್ಲಾ ಅಮ್ಮಂದಿರೂ ಅಂದ್ರೆ?"

ಎರ್ವಿನ್ ಬಾಗಿಲಿಗೆ ಒರಗಿ ನಿಂತಿದ್ದ. ಅವನೇನೂ ಪುಕ್ಕಲನಲ್ಲ, ಗೂಳಿಯ ಮೇಲೆ ಕೂರುವ ಹುಡುಗ. ಅವನ ದೊಡ್ಡಪ್ಪನ ಮಕ್ಕಳು ಉತ್ತರದಲ್ಲಿದ್ದರು. ಒಬ್ಬ ಸರ್ಕಾರದ ಕಡೆ, ಇನ್ನೊಬ್ಬ, ಸಾಂತೊಸ್, ಗಡಿಯಾಚೆಯವರ ಕಡೆ. "ನಾನು ಹೋದ್ರೆ ಒಂದಿನ ನಮ್ಮ ಸಾಂತೊಸ್ ಎದುರಿಗೆ ಬಂದು ನಿಲ್ತಾನೆ" ಎಂದ. "ಅವನ ಮೇಲೆ ಗುಂಡು ಹಾರಿಸೋಕೆ ನನ್ನಿಂದ ಆಗಲ್ಲ. ಹಾರಿಸದೆ ಇದ್ರೆ ಪಕ್ಕದಲ್ಲಿರೋನು ಸಾಯ್ತಾನೆ. ಯಾವ್ದೂ ಬೇಡ. ನನ್ನನ್ನ ಹೇಡಿ ಅಂದ್ರೆ ಅನ್ನಲಿ."

"ನಾನು ಅಂದ್ನಾ?" ಎಂದ ಫಾನೊರ್, ಅವನ ಟೋಪಿ ಕಿತ್ತು ತನ್ನ ತಲೆಗೆ ಹಾಕಿಕೊಂಡು. "ನೀನು ಅಟ್ಟ ಕಾಯಿ, ನಾನು ಬೆಟ್ಟ ಕಾಯ್ತೀನಿ."

ಮಾರನೆಯ ವಾರ ಫಾನೊರ್ ತಾನಾಗಿಯೇ ಹೋಗಿ ಲಾರಿ ಹತ್ತಿದ. ಎರ್ವಿನ್ ಕೋಸ್ತಾರಿಕಾಗೆ ಹೋದನೆಂದು ಅಂಪಾರೊ ಬೀದಿಗೆಲ್ಲ ಸಾರಿದಳು, ಅತ್ತದ್ದೂ ಆಯಿತು. ಅತ್ತು ಮುಗಿಸಿ ಕಸಿಲ್ದಾಳ ಬುಟ್ಟಿಯಿಂದ ಎಂದಿನಷ್ಟೇ ರೊಟ್ಟಿ ಎಣಿಸಿಕೊಂಡಳು!

ಕಸಿಲ್ದಾ ತಲೆ ಚಚ್ಚಿಕೊಂಡಳು. "ಎಂಥಾ ಪೆದ್ದಿ ನೀನು! ಮಗ ದೇಶಾಂತರ ಹೋಗಿದ್ದಾನೆ, ಅವನ ಪಾಲು ಯಾರಿಗೆ, ಬೆಕ್ಕಿಗಾ? ಕಮ್ಮಿ ತಗೋ."

"ಮಗ ಮನೇಲಿರುವಾಗ ಅವನ ರೊಟ್ಟಿ ನಿಲ್ಲಿಸೋದಾ? ಅದು ಸತ್ತೋರಿಗೆ ಮಾಡೋದು. ನನ್ನ ಕೈಲಿ ಆಗಲ್ಲ."

ಅವಳೊಬ್ಬಳೇ ಅಲ್ಲ. ಮಗ ಕೋಸ್ತಾರಿಕಾದಲ್ಲಿದ್ದಾನೆಂದು ಹೇಳುವ ಮನೆಗಳೆಲ್ಲ ಇದೇ ತಪ್ಪು ಮಾಡುತ್ತಿದ್ದವು. ಕಿಟಕಿಗೆ ಹಲಗೆ ಬಡಿಯುತ್ತಿದ್ದರು, ನಾಯಿಗೆ ಬೊಗಳದಂತೆ ಕಲಿಸುತ್ತಿದ್ದರು, ರೊಟ್ಟಿ ಮಾತ್ರ ಕಡಿಮೆ ಮಾಡುತ್ತಿರಲಿಲ್ಲ. ಯಾವ ಮನೆಯ ಬತ್ತಿದ ಬಾವಿಯಲ್ಲಿ, ಯಾವ ಮನೆಯ ಹಂದಿಗೂಡಿನ ಹಿಂದೆ ಒಂದು ಗಂಡುಪ್ರಾಣ ಉಸಿರು ಬಿಗಿಹಿಡಿದು ಕೂತಿದೆಯೆಂಬುದು ಕಸಿಲ್ದಾಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು. ಅವಳೇನು ಮಾಡಿದಳು ಗೊತ್ತೆ? ಅಂಥ ಮನೆಗಳ ಹೆಚ್ಚಿನ ರೊಟ್ಟಿಗಳನ್ನು ಬಾಳೆಎಲೆಯಲ್ಲಿ ಸುತ್ತಿ, ಬುಟ್ಟಿಯ ತಳದಲ್ಲಿಟ್ಟು, ಯಾರ ಕಣ್ಣಿಗೂ ಬೀಳದಂತೆ ಕೊಡತೊಡಗಿದಳು. ಸರ್ಕಾರದ ಪರವಾಗಿ ಬೀದಿಯ ಮೇಲೆ ಕಣ್ಣಿಡುವ ಸಮಿತಿಯ ಮಿರ್ನಾ ಒಮ್ಮೆ ಕೆಣಕಿಯೂ ನೋಡಿದಳು.

"ಕಸಿಲ್ದಾ, ನಿನ್ನ ಮಗ ಗಡಿ ಕಾಯ್ತಾ ಇದ್ದಾನೆ. ಇಲ್ಲಿ ಯಾರ್‍ಯಾರು ತಿಂದು ಮಲಗವರೆ ಅಂತ ನಿಂಗೊಬ್ಬಳಿಗೇ ಗೊತ್ತು. ಹೇಳೋಕೇನು?"

"ನಂಗೆ ಜೋಳ ಗೊತ್ತು, ಬೆಂಕಿ ಗೊತ್ತು. ಬೇರೆ ಏನಾದ್ರೂ ಬೇಕಾದ್ರೆ ಪಾದ್ರಿ ಹತ್ರ ಹೋಗಿ ಕೇಳು, ಪಾಪ ನಿವೇದನೆ ಕೇಳೋದು ಅವರ ಕೆಲಸ."

ಹೀಗೆ ಹೇಳಿ ಬಂದವಳಿಗೆ ಆ ಸಂಜೆ ಊಟ ಸೇರಲಿಲ್ಲ. ಗೋಡೆಯಾಚೆ ಅಟ್ಟದ ಮೇಲೆ ಎರ್ವಿನ್ ಕೆಮ್ಮಿದರೆ ಕೇಳುತ್ತಿತ್ತು. ಕೊಮಾದ್ರೆಗೆ ಮಗನ ಕೆಮ್ಮಾದರೂ ಕೇಳುತ್ತೆ, ನನಗೆ ಏನಿದೆ ಎಂದುಕೊಂಡಳು. ಹೊಟ್ಟೆ ಉರಿಯಿತು. ಉರಿದದ್ದಕ್ಕೆ ನಾಚಿಕೆಯೂ ಆಯಿತು.

ಫಾನೊರ್ ಒಮ್ಮೆ ರಜೆಗೆ ಬಂದಿದ್ದ. ಇನ್ನೊಮ್ಮೆ ಬರುವ ಮುಂಚೆ ಸತ್ತ. ಲಾರಿಯಲ್ಲಿ ಪೆಟ್ಟಿಗೆ ಬಂತು, ಮೊಳೆ ಹೊಡೆದು ಮುಚ್ಚಿದ್ದು. ಜೊತೆಗೆ ಒಬ್ಬ ಲೆಫ್ಟಿನೆಂಟ್, ನಾಲ್ಕೈದು ಸೈನಿಕರು. ಎಲ್ಲರೂ ಬೇರೆ ಊರಿನವರು, ಮಕ್ಕಳಂಥ ಮುಖದವರು.

"ತೆಗೀರಿ. ನೋಡ್ಬೇಕು" ಎಂದಳು ಕಸಿಲ್ದಾ.

"ಬೇಡ ತಾಯಿ. ತೆಗೆಯೋ ಹಂಗಿಲ್ಲ ಅಂತ ಆಜ್ಞೆ."

"ನಾನು ಹೆತ್ತಿದ್ದನ್ನ ನೋಡೋಕೆ ಯಾರಪ್ಪಂದು ಆಜ್ಞೆ?"

ಲೆಫ್ಟಿನೆಂಟ್ ತಲೆ ತಗ್ಗಿಸಿದ. "ನೋಡೋ ಹಂಗಿಲ್ಲ ತಾಯಿ. ನನ್ನ ಮಾತು ಕೇಳಿ." ಅವಳು ಉಗುರಿನಿಂದ ಮೊಳೆ ಕೀಳಲು ಹೋದಳು. ಅಂಪಾರೊ ಹಿಂದಿನಿಂದ ತಬ್ಬಿ ಹಿಡಿದುಕೊಂಡಳು. ಬೆಳಗಿನವರೆಗೂ ಹೆಂಗಸರು ಜಪಮಾಲೆ ಹಿಡಿದು ಪೆಟ್ಟಿಗೆಯ ಸುತ್ತ ಕೂತರು. ಕಸಿಲ್ದಾ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಒಳಗಿರುವುದು ಮಗನೋ ಮತ್ತೇನೋ ಎಂದು ಯೋಚಿಸುತ್ತಲೇ ಇದ್ದಳು. ಆಗಿನ ಕಾಲದಲ್ಲಿ ಮೊಳೆ ಹೊಡೆದ ಪೆಟ್ಟಿಗೆಗಳ ಬಗ್ಗೆ ನೂರೆಂಟು ಮಾತು ಹಬ್ಬಿತ್ತು; ಕಲ್ಲು ತುಂಬಿ ಕಳಿಸುತ್ತಾರೆಂದು ಕೆಲವರು, ಬಾಳೆದಿಂಡು ಎಂದು ಕೆಲವರು.

ನಮ್ಮ ಬೀದಿಯ ಪದ್ಧತಿ ಏನೆಂದರೆ, ಮದುವೆಯಾಗದ ಹುಡುಗ ಸತ್ತರೆ ಅವನ ಪೆಟ್ಟಿಗೆಯನ್ನು ಅವನ ಓರಗೆಯ ಗೆಳೆಯರೇ ಹೊರಬೇಕು. ಗಾಡಿಯ ಮೇಲೆ ಇಡಬಾರದು, ಹೊರಗಿನವರ ಕೈಗೆ ಕೊಡಬಾರದು. ಸೈನಿಕರು ಹೊರಲು ಮುಂದೆ ಬಂದರು. ಕಸಿಲ್ದಾ ಬಿಡಲಿಲ್ಲ. ಆದರೆ ಓರಗೆಯವರು ಯಾರಿದ್ದಾರೆ? ಒಂದಷ್ಟು ಜನ ಬೆಟ್ಟದಲ್ಲಿ, ಒಂದಷ್ಟು ಜನ ಕೋಸ್ತಾರಿಕಾದಲ್ಲಿ, ಉಳಿದವರು ಬಾವಿಯಲ್ಲಿ, ಅಟ್ಟದಲ್ಲಿ. ಕೊನೆಗೆ ಮುದುಕ ದೋನ್ ಗೋಯೊ, ವಯಸ್ಸಾದ ಒಬ್ಬ ಕುಂಟ ಚಮ್ಮಾರ, ಉಳಿದ ಎರಡು ಮೂಲೆಗೆ ಇಬ್ಬರು ಹೆಂಗಸರು ಹೆಗಲು ಕೊಟ್ಟರು. ಅವರಲ್ಲಿ ಅಂಪಾರೊ ಒಬ್ಬಳು. ಹೆಂಗಸರು ಪೆಟ್ಟಿಗೆ ಹೊತ್ತದ್ದನ್ನು ಆ ಬೀದಿ ಅದೇ ಮೊದಲು ನೋಡಿದ್ದು.

ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ, ಅಂಪಾರೊಳ ಮನೆಯ ಮುಂದೆ ಬರುವಾಗ ದೋನ್ ಗೋಯೊ ಕಲ್ಲಿಗೆ ಎಡವಿದ. ಪೆಟ್ಟಿಗೆಯ ಒಂದು ತುದಿ ತಟ್ಟನೆ ವಾಲಿತು. ಒಳಗೆ ಏನೋ ಜಾರಿ ಬಂದು ಹಲಗೆಗೆ ಬಡಿದ ಸದ್ದಾಯಿತು, ಗಟ್ಟಿಯಾಗಿ, ಒಂದೇ ಸಲ. ಹಿಂದೆ ನಡೆಯುತ್ತಿದ್ದ ಕಸಿಲ್ದಾಗೂ ಅದು ಕೇಳಿಸಿತು. ಯಾರೋ "ಅಯ್ಯೋ ದೇವರೇ!" ಎಂದು ಕೂಗಿದರು.

ಮನೆಯ ಬಾಗಿಲು ತೆರೆಯಿತು. ಎರ್ವಿನ್ ಓಡಿ ಬಂದ.

ಬಿಸಿಲು ಕಾಣದೆ ಮುಖ ಮೂಲಂಗಿಯಂತೆ ಬಿಳುಚಿತ್ತು, ಕೂದಲು ಹೆಗಲಿಗೆ ಬಂದಿತ್ತು, ಕಣ್ಣು ಬಿಡಲಾಗದೆ ಒದ್ದಾಡುತ್ತಿದ್ದ. ಬೀಳುತ್ತಿದ್ದ ತುದಿಗೆ ಹೆಗಲು ಕೊಟ್ಟು ಪೆಟ್ಟಿಗೆಯನ್ನು ಮೇಲೆತ್ತಿದ. "ನಡೀರಿ" ಎಂದ. ಇನ್ನೊಂದು ತುದಿಯಲ್ಲಿದ್ದ ಅಂಪಾರೊಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಕೈಬಿಡುವಂತಿಲ್ಲ, ಬಿಟ್ಟರೆ ಪೆಟ್ಟಿಗೆ ಬೀಳುತ್ತದೆ. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಸ್ಮಶಾನದವರೆಗೂ ಹೊತ್ತರು. ಲೆಫ್ಟಿನೆಂಟ್ ಎಲ್ಲವನ್ನೂ ನೋಡಿದ. ಹೂಳುವವರೆಗೂ ಸುಮ್ಮನೆ ನಿಂತಿದ್ದ, ಅಷ್ಟು ಮರ್ಯಾದೆ ಅವನಲ್ಲಿತ್ತು.

ಮಣ್ಣು ಹಾಕಿ ಹೊರಬರುವಾಗ ಅವನ ಸೈನಿಕರು ಗೇಟಿನ ಎರಡೂ ಕಡೆ ನಿಂತಿದ್ದರು.

"ನಿನ್ನ ಸೈನ್ಯದ ಸೇವಾ ಕಾರ್ಡು?" ಎಂದು ಲೆಫ್ಟಿನೆಂಟ್ ಎರ್ವಿನ್‌ನನ್ನು ಕೇಳಿದ.

ಎರ್ವಿನ್ ಖಾಲಿ ಕೈ ತೋರಿಸಿದ. ಲೆಫ್ಟಿನೆಂಟ್ ಕಸಿಲ್ದಾಳ ಕಡೆ ತಿರುಗಿ ಟೋಪಿ ತೆಗೆದ. ಅವನ ದನಿಯಲ್ಲಿ ಬೇಡಿಕೊಳ್ಳುವ ಧಾಟಿಯಿತ್ತು. ಇನ್ನೊಂದು ಗೋಳು ಅವನಿಗೂ ಬೇಕಿರಲಿಲ್ಲವೆಂದು ಕಾಣುತ್ತದೆ.

"ತಾಯಿ, ಸತ್ತೋನ ಒಡಹುಟ್ಟಿದವರನ್ನ ನಾವು ಮುಟ್ಟಲ್ಲ. ಇವನು ನಿಮ್ಮ ಇನ್ನೊಬ್ಬ ಮಗನಾ? ನೀವು ಹೂಂ ಅಂದ್ರೆ ಸಾಕು. ನಾನು ಬೇರೆ ಯಾರನ್ನೂ ಕೇಳಲ್ಲ."

ಅಂಪಾರೊ ಬಂದು ಕಸಿಲ್ದಾಳ ತೋಳು ಹಿಡಿದಳು. ಬೆರಳುಗಳು ತೋಳಿನೊಳಗೆ ಇಳಿದವು. ಮಿರ್ನಾ ಕೂಡ ಅಲ್ಲಿದ್ದಳು, ಆ ಹೊತ್ತಿಗೆ ಅವಳೂ ನೆಲ ನೋಡುತ್ತಿದ್ದಳು. ಬೀದಿಗೆ ಬೀದಿಯೇ ಅವಳ ಬಾಯಿಂದ ಒಂದು ಹೂಂ ಹೊರಡಲೆಂದು ಕಾಯುತ್ತಿತ್ತು.

ಕಸಿಲ್ದಾ ಎರ್ವಿನ್‌ನನ್ನು ನೋಡಿದಳು. ಹೆಗಲ ಮೇಲೆ ಪೆಟ್ಟಿಗೆಯ ಮರದ ಪುಡಿ ಹತ್ತಿತ್ತು. ಬದುಕಿದ್ದ. ಉಸಿರಾಡುತ್ತಿದ್ದ. ಬೆವರುತ್ತಿದ್ದ. ತನ್ನ ರೊಟ್ಟಿಯನ್ನೇ ತಿಂದು ಬದುಕಿದ್ದ. ಇವನನ್ನು ತೋರಿಸಿ ನನ್ನ ಮಗ ಎಂದರೆ ಈಗಷ್ಟೇ ಹೂತು ಬಂದವನು ಯಾರು? ಸಿಟ್ಟು ಎದ್ದು ಬಂತು. ಯಾರ ಮೇಲಿನ ಸಿಟ್ಟೆಂದು ಅವಳಿಗೇ ಗೊತ್ತಿರಲಿಲ್ಲ. ಸರ್ಕಾರದ ಮೇಲೋ, ಗಡಿಯಾಚೆಯವರ ಮೇಲೋ, ಜೋಕು ಮಾಡುತ್ತಲೇ ಲಾರಿ ಹತ್ತಿಹೋದ ಫಾನೊರ್ ಮೇಲೋ.

"ಇಲ್ಲ" ಎಂದಳು. "ನಂಗೆ ಇದ್ದವನು ಒಬ್ಬನೇ ಮಗ. ಅವನನ್ನ ಈಗ ಮಣ್ಣು ಮಾಡಿ ಬಂದೆ."

ಅಂಪಾರೊಳ ಕೈ ತೋಳಿನಿಂದ ಜಾರಿತು. ಎರ್ವಿನ್ ಓಡಲಿಲ್ಲ, ಬಯ್ಯಲಿಲ್ಲ. ಜ್ಞಾನಮಕ್ಕಳು ಹೊರಡುವಾಗ ಮಾಡುವಂತೆ ಎರಡೂ ಕೈ ಜೋಡಿಸಿ ಅವಳ ಮುಂದೆ ನಿಂತ. "ಆಶೀರ್ವಾದ ಮಾಡಿ, ಮದ್ರಿನಾ." ಹಾಗೆ ಕೈ ಜೋಡಿಸಿದವನಿಗೆ ಇಲ್ಲವೆನ್ನುವ ಹಕ್ಕು ನಮ್ಮಲ್ಲಿ ಯಾವ ಜ್ಞಾನತಾಯಿಗೂ ಇಲ್ಲ. ಕಸಿಲ್ದಾ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದಳು. ಅವಳ ಬೆರಳಲ್ಲಿ ಸ್ಮಶಾನದ ಮಣ್ಣಿತ್ತು. ಫಾನೊರ್ ಪೆಟ್ಟಿಗೆ ಬಂದ ಲಾರಿಯಲ್ಲೇ ಎರ್ವಿನ್ ಹೋದ.

ಆಮೇಲೆ ಬೀದಿ ಎರಡಾಯಿತು. "ಅವಳ ಮಗ ಸಾಯಬೇಕು, ಇವಳ ಮಗ ಅಟ್ಟದಲ್ಲಿ ಕೂತು ರೊಟ್ಟಿ ತಿನ್ನಬೇಕಾ? ಸರಿಯಾಗಿ ಮಾಡಿದ್ಲು" ಎಂದವರಿದ್ದರು. "ಹೆಣ ಹೊರೋಕೆ ಬಂದ ಹುಡುಗನ್ನ ಹಿಡಿದುಕೊಟ್ಟಳಲ್ಲ, ರಾಕ್ಷಸಿ" ಎಂದು ಅವಳು ಹೋದ ದಾರಿಗೆ ಉಗಿದವರೂ ಇದ್ದರು. ಇದೆಲ್ಲಕ್ಕಿಂತ ಚುಚ್ಚಿದ ಸಂಗತಿ ಇನ್ನೊಂದು: ಒಂದೇ ವಾರದಲ್ಲಿ ಬೀದಿಯ ಹಸಿವೆಲ್ಲ ಇಳಿದುಹೋಯಿತು. ಕೋಸ್ತಾರಿಕಾದಲ್ಲಿ ಮಕ್ಕಳಿದ್ದ ಮನೆಗಳೆಲ್ಲ ರೊಟ್ಟಿ ಕಡಿಮೆ ಮಾಡಿಬಿಟ್ಟವು. "ಈಗ ಅಷ್ಟೇ ಸಾಕು ದೋನ್ಯಾ ಕಸಿಲ್ದಾ, ಹೊಟ್ಟೆ ಸರಿಯಿಲ್ಲ" ಎನ್ನುತ್ತಿದ್ದರು, ಕಣ್ಣು ತಪ್ಪಿಸಿ. ಬುಟ್ಟಿಯ ತಳದಲ್ಲಿ ಬಾಳೆಎಲೆಯ ಗಂಟುಗಳು ಹಾಗೇ ಉಳಿಯುತ್ತಿದ್ದವು. ಒಳಗೆ ಹುಡುಗರು ಅರೆಹೊಟ್ಟೆಯಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು. ತಾನು ಹೇಳುವವಳಲ್ಲವೆಂದು ಅವರಿಗೆ ಹೇಗೆ ಹೇಳಬೇಕೋ ಗೊತ್ತಿರಲಿಲ್ಲ. ಹೇಳಿದರೂ ಯಾರು ನಂಬುತ್ತಾರೆ?

ಅಂಪಾರೊ ತಾನೇ ಜೋಳ ಅರೆಯತೊಡಗಿದಳು. ಹೊಲಿಗೆಯ ಕೈ, ರೊಟ್ಟಿ ದುಂಡಗೆ ಬರುತ್ತಿರಲಿಲ್ಲ. ಗೋಡೆಯ ಈಚೆ ಕೂತ ಕಸಿಲ್ದಾಗೆ ಆ ತಪ್ಪು ತಟ್ಟುವಿಕೆಯ ಸದ್ದು ಕೇಳುತ್ತಿತ್ತು. ಒಂದು ದಿನ ತಡೆಯಲಾಗದೆ ಗೋಡೆಯ ಈ ಕಡೆಯಿಂದಲೇ ಕೂಗಿದಳು:

"ಹಿಟ್ಟಿಗೆ ನೀರು ಜಾಸ್ತಿಯಾಗಿದೆ ಕೊಮಾದ್ರೆ!"

ಆ ಕಡೆ ಸದ್ದು ನಿಂತಿತು. ಉತ್ತರ ಬಂತು. "ನನ್ನನ್ನ ಹಂಗೆ ಕರೀಬೇಡ."

ನೀನು ಮಾಡಿದ್ದು ಸರಿಯೇ ಎಂದು ಪಾದ್ರಿಯೊಬ್ಬರು ಕಸಿಲ್ದಾಗೆ ಸಮಾಧಾನ ಹೇಳಿದರಂತೆ: ಸುಳ್ಳು ಹೇಳಲಿಲ್ಲ, ಕಾನೂನು ಮುರಿಯಲಿಲ್ಲ. ಅವಳು ಅವರ ಮೇಲೇ ಹರಿಹಾಯ್ದಳು. "ಸರಿ ಅಂತ ನಂಗೂ ಗೊತ್ತು ಫಾದರ್. ಸರಿಯಾಗಿದ್ದಕ್ಕೇ ನಿದ್ದೆ ಬರ್ತಿಲ್ಲ. ತಪ್ಪಾಗಿದ್ರೆ ನಿಮ್ಮ ಹತ್ರ ಒಪ್ಪಿಕೊಂಡು, ನಾಲ್ಕು ಜಪ ಹೇಳಿ ಮಲಗ್ತಿದ್ದೆ." ಫಾನೊರ್ ಬದುಕಿದ್ದರೆ ಏನನ್ನುತ್ತಿದ್ದ ಎಂದೂ ಯೋಚಿಸುತ್ತಿದ್ದಳು. ತನ್ನ ಜಾಗಕ್ಕೆ ಇನ್ನೊಬ್ಬ ಹೋಗಬಾರದೆಂದು ಹೋದ ಹುಡುಗ ಅವನು. ಕೊನೆಗೆ ಅವನ ಹೆಣ ಹೊರಲು ಬಂದೇ ಇನ್ನೊಬ್ಬ ಹೋದ.

ಯುದ್ಧ ಮುಗಿಯಿತು. ಚುನಾವಣೆಯಾಯಿತು, ಸರ್ಕಾರ ಬದಲಾಯಿತು, ಆ ಕಾನೂನೂ ಹೋಯಿತು. ಹುಡುಗರು ಬಾವಿಗಳಿಂದ ಎದ್ದು ಬಂದು ಹಗಲಲ್ಲೇ ಬೀದಿಯಲ್ಲಿ ಚೆಂಡು ಆಡಿದರು. ಎರ್ವಿನ್ ಕೂಡ ಬಂದ, ಒಂದು ಕಾಲು ಎಳೆದು ನಡೆಯುತ್ತಿದ್ದ. ಊರಿಗೆ ಬಂದ ಮಾರನೆಯ ಬೆಳಿಗ್ಗೆಯೇ ಕಸಿಲ್ದಾಳ ಒಲೆಯ ಮುಂದೆ ನಿಂತು ಕೈ ಜೋಡಿಸಿದ. ಅವಳು ಆಶೀರ್ವಾದ ಮಾಡಿ, ಮುಖ ನೋಡದೆ ಹೆಂಚಿನ ಮೇಲಿದ್ದ ರೊಟ್ಟಿ ತಿರುವಿದಳು.

"ಬಯ್ಯೋಕೆ ಬಂದ್ಯಾ? ಬಯ್ಯಿ. ನಿಮ್ಮಮ್ಮನೂ ಬಯ್ಯಲಿಲ್ಲ, ಮಾತು ಬಿಟ್ಟಳು. ಯಾರಾದ್ರೂ ಒಬ್ಬರು ಬೈದ್ರೆ ನಂಗೂ ಹಗುರ ಆಗುತ್ತೆ."

"ಬಯ್ಯೋಕಲ್ಲ ಮದ್ರಿನಾ. ಹಸಿವಾಗ್ತಿದೆ."

ರೊಟ್ಟಿ, ಹಸಿ ಗಿಣ್ಣು ಕೊಟ್ಟಳು. ಅವನು ಕೂತು ತಿಂದ. ಅವಳು ತಡೆಯಲಾರದೆ ಕೇಳಿದಳು.

"ನಿಮ್ಮ ದೊಡ್ಡಪ್ಪನ ಮಗ ಸಾಂತೊಸ್ ಎದುರಿಗೆ ಸಿಕ್ಕಿದ್ನಾ?"

"ಗೊತ್ತಿಲ್ಲ. ಕತ್ತಲಲ್ಲಿ ಹಾರಿಸ್ತಿದ್ವಿ. ಯಾರಿಗೆ ಬಿತ್ತೋ ನೋಡೋಕೆ ಹೋಗ್ಲಿಲ್ಲ. ಅವನಂತೂ ಇನ್ನೂ ಮನೆಗೆ ಬಂದಿಲ್ಲ."

ಕಸಿಲ್ದಾಳ ಕೈಯಲ್ಲಿದ್ದ ಹಿಟ್ಟಿನುಂಡೆ ಅಲ್ಲೇ ನಿಂತಿತು. ಆವತ್ತು ತಾನು ಒಂದು ಹೂಂ ಅಂದಿದ್ದರೆ ಈ ಹುಡುಗ ಕತ್ತಲಲ್ಲಿ ಗುಂಡು ಹಾರಿಸಬೇಕಾಗಿರಲಿಲ್ಲ. ಅದನ್ನು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳುವ ಬದಲು, ಇಷ್ಟು ವರ್ಷ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿಬಿಟ್ಟಳು. ಕೇಳಲು ಅವಳಿಗೆ ಬೇರೆ ಯಾರೂ ಉಳಿದಿರಲಿಲ್ಲ.

"ಆವತ್ತು ನೀನು ಹೊತ್ತೆ. ಅವನ ತೂಕ ನಿಂಗೆ ಗೊತ್ತು, ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಬೆನ್ನ ಮೇಲೆ ಹೊತ್ತು ಆಡಿದೋರು. ಪೆಟ್ಟಿಗೇಲಿ ಏನೋ ಜಾರಿತಲ್ಲ, ಸದ್ದು ಕೇಳಿಸ್ತು. ನಿಜ ಹೇಳು ಎರ್ವಿನ್. ಒಳಗಿದ್ದದ್ದು ಅವನೇನಾ?"

ಎರ್ವಿನ್ ಬಾಯಲ್ಲಿದ್ದ ತುತ್ತು ನುಂಗಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ:

"ಅವನೇ ಮದ್ರಿನಾ. ಭಾರ ಇತ್ತು, ಹೆಗಲು ವಾರದವರೆಗೂ ನೋಯ್ತಿತ್ತು. ಜಾರಿದ್ದು ಅವನ ಬೂಟು. ಸೈನ್ಯದಲ್ಲಿ ಬೂಟನ್ನ ಕಾಲ ಹತ್ರಾನೇ ಇಡ್ತಾರೆ. ನಾನೇ ಎಷ್ಟೋ ಜನಕ್ಕೆ ಇಟ್ಟಿದ್ದೀನಿ."

ಸುಳ್ಳು. ಕಸಿಲ್ದಾಗೆ ಆ ಕ್ಷಣವೇ ಗೊತ್ತಾಯಿತು. ಆ ಪೆಟ್ಟಿಗೆಯನ್ನು ಬಡಕಲು ಮುದುಕರೂ ಹೆಂಗಸರೂ ಉಸ್ಸೆನ್ನದೆ ಅರ್ಧ ಬೀದಿ ಹೊತ್ತಿದ್ದನ್ನು ಅವಳೇ ಹಿಂದೆ ನಡೆದು ನೋಡಿದ್ದಳು. ಎರ್ವಿನ್ ಹುಟ್ಟಿದಾಗಿನಿಂದ ಅವನ ಮುಖ ನೋಡಿದವಳು ಅವಳು. ನಿಜ ಹೇಳುವಾಗ ಅವನು ಎಂದೂ ಹೀಗೆ ನೇರವಾಗಿ ನೋಡಿದವನಲ್ಲ. ಸ್ಮಶಾನದ ಬಾಗಿಲಲ್ಲಿ ಇವನಿಗಾಗಿ ತನ್ನ ಬಾಯಿಂದ ಹೊರಡದೇ ಹೋದಂಥ ಸುಳ್ಳನ್ನು ಇವನು ತನಗಾಗಿ ತಡವರಿಸದೆ ಹೇಳಿಬಿಟ್ಟಿದ್ದ.

"ಹಂಗಾ" ಎಂದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುತ್ತಿತ್ತು, ಇಬ್ಬರೂ ತೆಗೆಯಲಿಲ್ಲ.